ಒಣಗದ ಗೋಡೆ

ಓಂಕಾರಮೂರ್ತಿಯ ಆ ದಿನದ ಕಷ್ಟಕ್ಕೆಲ್ಲ ಮೂಲ ಅರ್ಧ ಡಬ್ಬಿ ಹಸಿರು ಬಣ್ಣ. ಅದು ಪುಕ್ಕಟೆ ಬಂದದ್ದು. ಪುಕ್ಕಟೆ ಬಂದದ್ದರಿಂದಲೇ ಅದನ್ನು ಯಾರೂ ಮುಚ್ಚಳ ತೆಗೆದು ನೋಡಿರಲಿಲ್ಲ.

ಅವನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನ ಯಂತ್ರಗಳಿಗೆ ಬಳಿದು ಮಿಕ್ಕಿದ ಬಣ್ಣವನ್ನು ಮಾಲೀಕರು ಅವನ ಕೈಗಿತ್ತು, ಹೆಂಗೂ ನಿನ್ನ ಮನೆ ಇನ್ನೂ ಮುಗೀತಾನೇ ಐತಂತಲ್ಲ, ಒಯ್ಯಿ ಎಂದಿದ್ದರು.

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಐದು ವರ್ಷದ ಹಿಂದೆ ಗೋಡೆ ಮತ್ತು ಸೂರು ಮಾತ್ರ ಎದ್ದು ನಿಂತಿದ್ದ ಮನೆಯನ್ನು ಕೊಂಡು, ಗಂಡ, ಹೆಂಡತಿ, ಇಬ್ಬರು ಮಕ್ಕಳು ಅದರೊಳಗೆ ಸೇರಿಕೊಂಡಿದ್ದರು. ಅಂದಿನಿಂದ ಕೈ ಸ್ವಲ್ಪ ಸಡಿಲವಾದ ತಿಂಗಳು ಒಂದೊಂದೇ ಕೆಲಸ. ಒಂದು ತಿಂಗಳು ಬಚ್ಚಲಿಗೆ ಬಾಗಿಲು. ಮೂರು ತಿಂಗಳು ಬಿಟ್ಟು ಆ ಬಾಗಿಲಿಗೆ ಚಿಲಕ. ನಡುವಿನ ಮೂರು ತಿಂಗಳು ಸ್ನಾನಕ್ಕೆ ಹೋದವರು ಗಟ್ಟಿಯಾಗಿ ಹಾಡುತ್ತಿರಬೇಕೆಂಬ ನಿಯಮವಿತ್ತು. ಹಾಲಿನ ಗೋಡೆಗಳಿಗೆ ವರ್ಷಕ್ಕೊಂದರಂತೆ ಬಣ್ಣ ಬಂತು. ಒಂದು ಕೆನೆ ಬಣ್ಣ, ಒಂದು ಗುಲಾಬಿ, ಒಂದು ಆಕಾಶ ನೀಲಿ. ಆಯಾ ವರ್ಷ ಅಂಗಡಿಯಲ್ಲಿ ಯಾವುದು ಅಗ್ಗವಿತ್ತೋ ಅದು. ಸಮ್ಮಿಶ್ರ ಸರ್ಕಾರದ ಮಂತ್ರಿಗಳ ಹಾಗೆ ಮೂರೂ ಒಂದೇ ಸೂರಿನಡಿಯಲ್ಲಿ ಒಂದರ ಮುಖ ಒಂದು ನೋಡದೆ ನಿಂತಿದ್ದವು. ನಾಲ್ಕನೆಯದು ಬರೀ ಸಿಮೆಂಟು.

ಕಿಟಕಿಯ ಪರದೆ ಮಾತ್ರ ರೇಷ್ಮೆಯದು. ಅದು ಹೆಂಡತಿ ದಾಕ್ಷಾಯಿಣಿಯ ತವರು ಮೊಳಕಾಲ್ಮೂರಿನಿಂದ ಬಂದದ್ದು. ಅದರ ಅಂಚಿನಲ್ಲಿ ನವಿಲುಗಳ ಸಾಲು. ಎಲ್ಲವೂ ಬಲಕ್ಕೆ ಹೊರಟಿದ್ದರೆ, ನೇಕಾರನ ಕೈತಪ್ಪಿ ಒಂದು ಮಾತ್ರ ಎಡಕ್ಕೆ ಮುಖ ಮಾಡಿತ್ತು. ಸೀರೆಯಾಗಿ ಯಾರೂ ಕೊಳ್ಳದೆ ಉಳಿದ ಆ ಬಟ್ಟೆಯನ್ನು ದಾಕ್ಷಾಯಿಣಿ ಕಡಿಮೆಗೆ ತಂದು ಹೊಲಿದು ತೂಗುಬಿಟ್ಟಿದ್ದಳು. ಬಂದವರು ತಪ್ಪು ತೋರಿಸಿದರೆ, ಅದೊಂದಕ್ಕೆ ಮನೆ ನೆನಪಾಗೈತೆ, ವಾಪಸ್ ಹೊಂಟೈತೆ ಎನ್ನುತ್ತಿದ್ದಳು. ಮನೆ ಅರೆಬರೆಯಾಗಿರುವ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಏನು ಕೆಟ್ಟರೂ 'ಪೋನೀಲೇ' ಎಂದು ತೆಲುಗಿನಲ್ಲಿ ಅದನ್ನು ಅಲ್ಲಿಗೇ ಬಿಟ್ಟುಬಿಡುವುದು ಅವಳ ಸೀಮೆಯ ರೂಢಿ.

ಚಿಂತೆಯೆಲ್ಲ ಓಂಕಾರಮೂರ್ತಿಯದು. ಯಾಕೆಂದರೆ ಶ್ರಾವಣ ಬಂದಿತ್ತು.

ಅವರ ಓಣಿಯಲ್ಲಿ ಇಪ್ಪತ್ತೆರಡು ಮನೆ. ಶ್ರಾವಣದ ಪ್ರತಿ ಸೋಮವಾರ ಸಂಜೆ ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಭಜನೆ, ಪ್ರಸಾದ. ವರ್ಷಕ್ಕೆ ನಾಲ್ಕೈದು ಸೋಮವಾರ ಎಂದರೆ ಒಂದು ಮನೆಗೆ ಸರದಿ ಬರುವುದು ಐದು ವರ್ಷಕ್ಕೊಮ್ಮೆ. ಓಂಕಾರಮೂರ್ತಿಯ ಸರದಿ ಎರಡು ವರ್ಷದ ಹಿಂದೆಯೇ ಬಂದಿತ್ತು. ಆಗ ಅತ್ತೆಯ ಕಣ್ಣಿನ ಆಪರೇಷನ್ ಎಂದು ತಪ್ಪಿಸಿಕೊಂಡ. ಹೋದ ವರ್ಷ ಇನ್ನೊಂದು ಕಣ್ಣು ಎಂದ. ಈ ವರ್ಷ ಹೇಳಲು ಅತ್ತೆಯ ಬಳಿ ಕಣ್ಣು ಉಳಿದಿರಲಿಲ್ಲ.

ಅದರಲ್ಲೂ ಹೋದ ಸೋಮವಾರದ ಭಜನೆ ನಡೆದದ್ದು ಓಣಿಯ ಬಾಯಲ್ಲಿರುವ ಕಲ್ಲೇಶಪ್ಪನವರ ಮನೆಯಲ್ಲಿ. ಅವರು ಎಣ್ಣೆ ವ್ಯಾಪಾರದ ಸಾಹುಕಾರರು. ನೆಲಕ್ಕೆ ಹಾಕಿದ ಬಿಳಿ ಕಲ್ಲಿನ ಮೇಲೆ ಕೂತರೆ ಹೆಪ್ಪಾದ ಮೊಸರಿನ ಮೇಲೆ ಕೂತ ಹಾಗೆ ಭಯವಾಗುತ್ತಿತ್ತು. ಅಂಥ ಮನೆಯಿಂದ ಎದ್ದು ಬಂದ ಜನ ಈ ವಾರ ತನ್ನ ಹಾಲಿನಲ್ಲಿ ಕೂತು, ಹಾಡಿನ ನಡುವೆ ಗೋಡೆಗಳನ್ನು ಎಣಿಸುತ್ತಾರಲ್ಲ ಎಂದು ಓಂಕಾರಮೂರ್ತಿಗೆ ವಾರವಿಡೀ ಅನ್ನ ರುಚಿಸಲಿಲ್ಲ. ಅವನಿಗೆ ಬೇಕಾದದ್ದು ಹೆಚ್ಚೇನಲ್ಲ. ಈ ಒಂದು ಸಂಜೆ ಮರ್ಯಾದೆಯಿಂದ ದಾಟಬೇಕು. ದಾಟಿದರೆ ಐದು ವರ್ಷ ಯಾರೂ ಒಳಗೆ ಬಂದು ಕೂರುವುದಿಲ್ಲ. ಐದು ವರ್ಷದಲ್ಲಿ ನಿಧಾನವಾಗಿ ಎಲ್ಲವನ್ನೂ ಮುಗಿಸಿಬಿಡಬಹುದು.

ಸೋಮವಾರ ಮಿಲ್ಲಿಗೆ ರಜ ಹಾಕಿ, ಬೆಳಿಗ್ಗೆ ಆರು ಗಂಟೆಗೇ ಡಬ್ಬಿಯ ಮುಚ್ಚಳ ಕಿತ್ತ. ಒಳಗಿದ್ದದ್ದು ಬಣ್ಣವಲ್ಲ, ಹಸಿರು ಮುದ್ದೆ. ಕಡ್ಡಿ ನೆಟ್ಟರೆ ನೆಟ್ಟಗೆ ನಿಂತಿತು.

ಪಕ್ಕದ ಮನೆಯ ಜಂಬುಲಿಂಗಪ್ಪ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹೀಗಾಗಿ ಭೂಮಿಯ ಮೇಲಿನ ಸಕಲ ಬಣ್ಣಗಳೂ ತಮ್ಮ ಅಧೀನ ಎಂದು ತಿಳಿದಿದ್ದರು.

“ಇದಕ್ಕೆ ಅಗಸೆ ಎಣ್ಣೆ ಬೆರೆಸ್ಬೇಕು ನೋಡಪ್ಪ. ಆದ್ರೆ ಪೇಂಟಿನ ಅಂಗಡಿ ತೆಗೆಯೋದು ಹತ್ತಕ್ಕೆ.”

“ಹತ್ತಕ್ಕೆ ಶುರು ಮಾಡಿದ್ರೆ ಒಣಗೋದು ಯಾವಾಗ ಮೇಷ್ಟ್ರೆ? ನಮ್ಮನೇಲಿ ಶೇಂಗಾ ಎಣ್ಣೆ ಐತಲ್ಲ.”

ಹುಟ್ಟಿದ ಮಗುವಿನ ನೆತ್ತಿಗೆ, ಅಜ್ಜಿಯ ಮಂಡಿಗೆ, ಕಿರುಗುಟ್ಟುವ ಬಾಗಿಲಿಗೆ, ದೇವರ ದೀಪಕ್ಕೆ ಎಲ್ಲಕ್ಕೂ ಶೇಂಗಾ ಎಣ್ಣೆಯನ್ನೇ ಹಚ್ಚುವ ಊರು ಅದು. ಅದನ್ನು ಹಿಂಡುವ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ದುಡಿದವನಿಗೆ, ಯಃಕಶ್ಚಿತ್ ಅಗಸೆ ಮಾಡುವ ಕೆಲಸವನ್ನು ಶೇಂಗಾ ಮಾಡಲಾರದು ಎಂದು ಹೇಗೆ ಹೊಳೆದೀತು? ಮೇಷ್ಟ್ರಿಗೂ ಹೊಳೆಯಲಿಲ್ಲ. ಅಗಸೆ ಎಣ್ಣೆಯನ್ನು ಈ ಊರಲ್ಲಿ ಯಾರೂ ಮೂಸಿ ನೋಡುವುದಿಲ್ಲ, ಶೇಂಗಾಕ್ಕೆ ಎಷ್ಟು ಬೇಡಿಕೆಯಿದೆ, ಹಾಗಾಗಿ ಶೇಂಗಾವೇ ಮೇಲು ಎಂದು ತರ್ಕ ಮಾಡಿ ಅಪ್ಪಣೆ ಕೊಟ್ಟರು.

ದಾಕ್ಷಾಯಿಣಿ ಮಾತ್ರ, ಒಳ್ಳೆ ಎಣ್ಣೆಯನ್ನು ಗೋಡೆಗೆ ಕುಡಿಸಲು ಒಪ್ಪಲಿಲ್ಲ. ನಾಗರಪಂಚಮಿಗೆ ಕರಿದು ಉಳಿದಿದ್ದ ಎಣ್ಣೆಯನ್ನು ಸೋಸಿ ಒಂದು ಚೆಂಬು ಕೊಟ್ಟಳು.

ಎಂಟು ಗಂಟೆಗೆ ಗೋಡೆ ಮುಗಿಯಿತು. ಆಹಾ, ಏನು ಹೊಳಪು. ಬೇರೆ ಮೂರು ಗೋಡೆಗಳು ಅದರ ಮುಂದೆ ತೊಳೆಯದ ಮುಖದವರಂತೆ ಕಂಡವು. ದಾಕ್ಷಾಯಿಣಿ ಹಾಗೇ ಹಾಯುವಾಗ ಅದರಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಂಡಳು.

ಹತ್ತು ಗಂಟೆಗೆ ಓಂಕಾರಮೂರ್ತಿ ಬೆರಳಿಟ್ಟು ನೋಡಿದ. ಹಸಿ. ಹನ್ನೊಂದಕ್ಕೆ ಮೇಷ್ಟ್ರು ಬೆರಳಿಟ್ಟರು. ಹಸಿ. ಗೋಡೆ ಒಣಗಿಲ್ಲವಂತೆ ಎಂಬ ಸುದ್ದಿ ನೀರಿನ ನಲ್ಲಿಯ ಬಳಿ ಹಬ್ಬಿ, ಬಿಂದಿಗೆ ಇಟ್ಟು ಬಂದ ಪ್ರತಿಯೊಬ್ಬರೂ ತಾವೇ ಖುದ್ದಾಗಿ ಪರೀಕ್ಷಿಸಿ ಹೋದರು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಹತ್ತೊಂಬತ್ತು ಹೆಬ್ಬೆಟ್ಟಿನ ಗುರುತು ಬಿದ್ದು, ಅದು ಸಹಕಾರ ಸಂಘದ ಹಳೆಯ ಪತ್ರದಂತೆ ಕಾಣತೊಡಗಿತು.

ಆಮೇಲೆ ಬಿಸಿಲು ಬಂತು. ಕಿಟಕಿಯಿಂದ ನೇರ ಗೋಡೆಯ ಮೇಲೆ ಬಿದ್ದ ಬಿಸಿಲಿಗೆ ಬಣ್ಣ ಒಣಗುವ ಬದಲು ವಾಸನೆ ಬಿಡತೊಡಗಿತು. ಬಣ್ಣದ ವಾಸನೆಯಲ್ಲ, ಬಜ್ಜಿಯ ವಾಸನೆ. ಪಂಚಮಿಯ ಎಣ್ಣೆ ತನ್ನ ಪೂರ್ವಾಶ್ರಮವನ್ನು ನೆನೆಸಿಕೊಂಡಿತ್ತು. ಓಣಿಯಲ್ಲಿ ಹಾದುಹೋಗುವವರು ಒಂದು ಕ್ಷಣ ನಿಂತು ಮೂಗು ಎತ್ತಿ ಮುಂದೆ ಹೋಗುತ್ತಿದ್ದರು. ಎರಡು ಗಂಟೆಯ ಹೊತ್ತಿಗೆ, ಓಂಕಾರಮೂರ್ತಿಯ ಮನೆಯಲ್ಲಿ ಈ ವಾರ ಪ್ರಸಾದಕ್ಕೆ ಮೆಣಸಿನಕಾಯಿ ಬಜ್ಜಿಯಂತೆ ಎಂದು ಇಪ್ಪತ್ತೊಂದು ಮನೆಗೂ ಗೊತ್ತಾಗಿಹೋಯಿತು. ಕಲ್ಲೇಶಪ್ಪನವರ ಹೆಂಡತಿ ಮಂಜುಳಮ್ಮ ಪಕ್ಕದ ಮನೆಯ ಹುಡುಗನನ್ನು ಕಳಿಸಿ, ಸಾಹುಕಾರರಿಗೆ ಖಾರ ಆಗುವುದಿಲ್ಲ, ಅವರಿಗೆ ನಾಲ್ಕು ಆಲೂಗಡ್ಡೆಯದು ಮಾಡಬೇಕಂತೆ ಎಂದು ಹೇಳಿಸಿದರು. ಕಡ್ಲೆ ಉಸಲಿ ಮತ್ತು ಪಾಯಸದಲ್ಲಿ ಮುಗಿಸಬೇಕೆಂದಿದ್ದ ದಾಕ್ಷಾಯಿಣಿ, ಗೋಡೆ ಕೊಟ್ಟ ಮಾತನ್ನು ಉಳಿಸಲು ಎರಡು ಕೇಜಿ ಕಡ್ಲೆಹಿಟ್ಟು ತರಿಸಿ ಕಲಸತೊಡಗಿದಳು.

ಮೇಷ್ಟ್ರಿಗೆ ಸ್ವಲ್ಪ ಜವಾಬ್ದಾರಿ ಅನಿಸಿರಬೇಕು. ತಮ್ಮ ಮನೆಯ ದೊಡ್ಡ ನಿಲುಫ್ಯಾನನ್ನು ಹೊತ್ತು ತಂದು ಬಾಗಿಲಲ್ಲಿ ನಿಲ್ಲಿಸಿ ಗೋಡೆಯತ್ತ ತಿರುಗಿಸಿದರು. ಶ್ರಾವಣದಲ್ಲಿ ಚಳ್ಳಕೆರೆಯ ಗಾಳಿಗೆ ಫ್ಯಾನಿನ ಸಹಾಯ ಬೇಕಿಲ್ಲ. ಬೀಸುವುದಕ್ಕೆ ಅದೇ ಸಾಕು, ಜೊತೆಗೆ ಬಯಲಿನ ಮಣ್ಣೂ ಅದರದೇ. ಫ್ಯಾನು ಆ ಮಣ್ಣನ್ನೆಲ್ಲ ಬಾಗಿಲಲ್ಲೇ ಹಿಡಿದು ಒಳಗೆ ಎರಚಿತು. ಅರ್ಧ ಗಂಟೆಯಲ್ಲಿ ಗೋಡೆ ಎಳ್ಳು ಮೆತ್ತಿದ ಸಜ್ಜೆ ರೊಟ್ಟಿಯಾಯಿತು. ಓಂಕಾರಮೂರ್ತಿ ಒದ್ದೆ ಬಟ್ಟೆಯಿಂದ ಒರೆಸಲು ಹೋಗಿ ಅದನ್ನು ಹಳ್ಳದ ಬದಿಯ ಪಾಚಿಯಾಗಿ ಮಾಡಿದ.

ಅಷ್ಟರಲ್ಲಿ ಕೊನೆಯ ಮನೆಯ ಕ್ಯಾತಪ್ಪ ಬಂದ. ಅವನ ಊರು ದೊಡ್ಡಉಳ್ಳಾರ್ತಿ. ಅಣ್ಣತಮ್ಮಂದಿರು ಇನ್ನೂ ಅಲ್ಲಿನ ಕಾವಲು ಎಂಬ ಹುಲ್ಲುಬಯಲಿನಲ್ಲಿ ಕುರಿ ಮೇಯಿಸುತ್ತಿದ್ದರು. ಅವನು ಮಾತ್ರ ಆ ಕಡೆ ಹೊಸದಾಗಿ ಎದ್ದಿರುವ ಸಂಸ್ಥೆಯೊಂದರ ಗೇಟಿನಲ್ಲಿ ವಾಚ್‌ಮನ್. ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದವನು ಗೋಡೆಯನ್ನು ನೋಡಿದ, ಮನೆಗೆ ಹೋಗಿ ಹೆಗಲ ಮೇಲೆ ಒಂದು ದೊಡ್ಡ ಕರಿ ಕಂಬಳಿ ಹಾಕಿಕೊಂಡು ಬಂದ.

“ಓಂಕಾರಣ್ಣ, ಇದನ್ನ ತೂಗಾಕು. ಗೋಡೆ ಯಾರಿಗೂ ಕಾಣಲ್ಲ. ಕಂಬಳಿ ಮುಂದೆ ಫೋಟೋ ಇಟ್ರೆ ದೇವ್ರಿಗೂ ಶ್ರೇಷ್ಠ.”

ದಿನವೆಲ್ಲ ಬಂದವರಲ್ಲಿ ಇವನೊಬ್ಬನೇ ಬೆರಳಿಡದೆ ಬುದ್ಧಿ ಹೇಳಿದವನು ಎಂದು ಓಂಕಾರಮೂರ್ತಿಯ ಕಣ್ಣು ತುಂಬಿತು. ಸೂರಿನ ಕೆಳಗೆ ಐದು ಮೊಳೆ ಹೊಡೆದು, ಗೋಡೆಗೆ ತಾಗದಂತೆ ಒಂದು ಗೇಣು ಈಚೆಗೆ ಕಂಬಳಿ ಇಳಿಬಿಟ್ಟರು. ಹಾಲಿಗೆ ಒಂದು ಗಾಂಭೀರ್ಯವೇ ಬಂದುಬಿಟ್ಟಿತು. ಓಂಕಾರಮೂರ್ತಿ ಬೆಳಿಗ್ಗೆಯಿಂದ ಮೊದಲ ಸಲ ಕೂತು ಚಹಾ ಕುಡಿದ.

ಅವನು ಚಹಾ ಕುಡಿಯುತ್ತಿದ್ದಾಗ ಮೇಷ್ಟ್ರು, ಕಂಬಳಿಯ ಹಿಂದೆ ಬಣ್ಣ ಒಣಗುವುದಾದರೆ ಒಣಗಲಿ ಎಂದು ಸದುದ್ದೇಶದಿಂದ ಫ್ಯಾನನ್ನು ಮತ್ತೆ ಹಾಕಿ, ಮೂರರ ವೇಗಕ್ಕೆ ತಿರುಗಿಸಿ, ಊಟದ ಮೇಲಿನ ನಿದ್ದೆಗೆ ಹೋದರು. ಗಾಳಿ ಕಂಬಳಿಯನ್ನು ಅಂಗೈಯಿಂದ ಒತ್ತಿದ ಹಾಗೆ ಗೋಡೆಗೆ ಒತ್ತಿ ಹಿಡಿಯಿತು. ಎರಡು ಗಂಟೆಯ ಕಾಲ ಹಿಡಿದೇ ಇತ್ತು.

ಐದಕ್ಕೆ ಕ್ಯಾತಪ್ಪ ಓಡುತ್ತ ಬಂದ. ಊರಿನಿಂದ ಅವರವ್ವ ಬಂದಿದ್ದಳಂತೆ. ಬಂದವಳು ನೀರು ಕುಡಿಯುವ ಮೊದಲೇ ಕಂಬಳಿ ಎಲ್ಲಿ ಎಂದಳಂತೆ. ಅದು ಅವಳೇ ಉಣ್ಣೆ ನೂತು, ಮಗನ ಮದುವೆಯಲ್ಲಿ ಗದ್ದುಗೆಗೆ ಹಾಸಿದ ಕಂಬಳಿ. ಈಗಿಂದೀಗಲೇ ಬೇಕು.

ಬಿಚ್ಚಲು ಹೋದರೆ ಕಂಬಳಿ ಬರಲಿಲ್ಲ. ಒಂದು ತುದಿಗೆ ಓಂಕಾರಮೂರ್ತಿ, ಒಂದು ತುದಿಗೆ ಕ್ಯಾತಪ್ಪ, ನಡುವೆ ನಿದ್ದೆಗಣ್ಣಿನ ಮೇಷ್ಟ್ರು ಹಿಡಿದು, ಒಂದು ಎರಡು ಮೂರು ಎಂದು ಎಳೆದರು. ಚರ್ರೆಂದು ಸದ್ದಾಗಿ ಮೂವರೂ ಹಿಂದಕ್ಕೆ ಬಿದ್ದರು. ಕಂಬಳಿ ಬಂತು, ಅದರ ಕೂದಲು ಅರ್ಧ ಗೋಡೆಯಲ್ಲೇ ಉಳಿಯಿತು. ಉಣ್ಣೆ ಕತ್ತರಿಸುವಾಗ ಕೈತಪ್ಪಿಸಿಕೊಂಡು ಅರ್ಧಕ್ಕೇ ಓಡಿಬಂದ ಕುರಿಯಂತೆ ಗೋಡೆ ಅಲ್ಲಲ್ಲಿ ಬೋಳು, ಅಲ್ಲಲ್ಲಿ ರೋಮ, ನಡುನಡುವೆ ಹಸಿರು ಚರ್ಮ ಬಿಟ್ಟುಕೊಂಡು ನಿಂತಿತ್ತು.

ಕ್ಯಾತಪ್ಪ ಕಂಬಳಿಯನ್ನು ಮಗುಚಿ ಅದರ ಹಸಿರು ಮಗ್ಗುಲನ್ನು ನೋಡಿದ.

“ಅವ್ವ ಕೇಳಿದ್ರೆ ಏನಂತ ಹೇಳ್ಲಿ?”

“ಕಾವಲಿನ ಹುಲ್ಲು ಹತ್ತೈತೆ ಅನ್ನಪ್ಪ” ಎಂದ ಓಂಕಾರಮೂರ್ತಿ. ಅದಕ್ಕಿಂತ ಒಳ್ಳೆಯ ಸುಳ್ಳು ಹೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಅಡಿಗೆಮನೆಗೆ ಹೋಗಿ, ಬಾಣಲೆಯ ಮುಂದೆ ಬೆವರುತ್ತಿದ್ದ ಹೆಂಡತಿಗೆ ಮೆಲ್ಲನೆ ತನ್ನ ಕೊನೆಯ ಯೋಜನೆಯನ್ನು ತಿಳಿಸಿದ. ಆರಕ್ಕೆ ಮೊಳಕಾಲ್ಮೂರಿಗೆ ಒಂದು ಬಸ್ಸಿದೆ. ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರೆದುಕೊಂಡು ಹೋಗಿಬಿಡೋಣ. ಅತ್ತೆಯ ಕಣ್ಣಿಗೆ ಮತ್ತೆ ಏನೋ ಆಯಿತು ಎಂದರಾಯಿತು.

ದಾಕ್ಷಾಯಿಣಿ ಜಾಲರಿಯಿಂದ ಬಜ್ಜಿ ಎತ್ತಿ ಎಣ್ಣೆ ಬಸಿದಳು.

“ನೂರೈವತ್ತು ಬಜ್ಜಿ ಕರ್ದೀನಿ ರೀ. ಬಸ್ನಾಗೆ ಯಾರಿಗೆ ಹಂಚ್ಲಿ? ಗೋಡೆ ಇರೋದು ಮನೆ ನಿಲ್ಸೋಕೆ. ನಿಂತೈತಲ್ಲ. ಪೋನೀಲೇ, ಹೋಗಿ ಮುಖ ತೊಳ್ಕಳ್ರಿ.”

ಆರೂವರೆಗೆ ಓಣಿಯೇ ಬಂತು. ಬಜ್ಜಿಯ ಸುದ್ದಿಯಿಂದ ಎಂದಿಗಿಂತ ಹತ್ತು ಜನ ಹೆಚ್ಚೇ. ಮನೆಯಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಈಶ್ವರನ ಫೋಟೋ ಕೂತಿತ್ತು, ಉಳಿದವರಿಗೆಲ್ಲ ನೆಲ. ಕೆನೆ ಗೋಡೆ, ಗುಲಾಬಿ ಗೋಡೆ, ನೀಲಿ ಗೋಡೆ ಮೂರೂ ಬೆನ್ನುಗಳಿಂದ ತುಂಬಿದವು. ನಾಲ್ಕನೆಯ ಗೋಡೆಯ ಮುಂದೆ ಓಂಕಾರಮೂರ್ತಿ ಕೈ ಹಿಂದೆ ಕಟ್ಟಿಕೊಂಡು, ಬ್ಯಾಂಕಿನ ಕಾವಲುಗಾರನ ಹಾಗೆ ನಿಂತ. ದೀಪವನ್ನು ಬೇಕೆಂದೇ ಒಂದೇ ಹಾಕಿದ್ದ. ಮಂದ ಬೆಳಕಿನಲ್ಲಿ ಗೋಡೆ ಬರೀ ಕಪ್ಪಾಗಿ ಕಾಣುತ್ತಿತ್ತು. ಭಜನೆ ಶುರುವಾಯಿತು. ಎಲ್ಲರ ಕಣ್ಣು ಮುಚ್ಚಿತ್ತು. ಇನ್ನೇನು, ದಾಟಿಬಿಡಬಹುದು ಎನಿಸಿತು.

ಮೂರನೆಯ ಹಾಡಿಗೆ ಕಲ್ಲೇಶಪ್ಪನವರು ಬಂದರು. ಹಾಲಿನ ಹಾಗೆ ಬಿಳುಪಾದ ಅಂಗಿ, ಪಂಚೆ. ಹಿಂದೆ ಮಂಜುಳಮ್ಮ. ಮಂಜುಳಮ್ಮನಿಗೆ ಹೆಂಗಸರು ಜಾಗ ಕೊಟ್ಟರು. ಸಾಹುಕಾರರಿಗೆ ಬೆನ್ನು ಆನಿಸದೆ ಕೂರಲಾಗುತ್ತಿರಲಿಲ್ಲ. ಅವರು ಸುತ್ತ ನೋಡಿದರು. ಇಡೀ ಹಾಲಿನಲ್ಲಿ ಖಾಲಿ ಇದ್ದದ್ದು ಓಂಕಾರಮೂರ್ತಿ ಕಾಯುತ್ತಿದ್ದ ಗೋಡೆಯೊಂದೇ. ಅವನು ಕಣ್ಣಲ್ಲೇ ಬೇಡಿಕೊಂಡ, ಕೈಸನ್ನೆ ಮಾಡಿದ, ಫೋಟೋ ಎತ್ತಿ ದೇವರನ್ನೇ ಕೆಳಗಿಳಿಸಿ ಕುರ್ಚಿ ಕೊಡಲು ಹೋದ. ಇದನ್ನೆಲ್ಲ ವಿನಯ ಎಂದು ತಿಳಿದ ಸಾಹುಕಾರರು ಅವನ ಭುಜ ತಟ್ಟಿ ಪಕ್ಕಕ್ಕೆ ಸರಿಸಿ, ನೆಲಕ್ಕೆ ಕೂತು, ಆರಾಮವಾಗಿ ಹಿಂದಕ್ಕೆ ಒರಗಿದರು.

ಪಚ್ ಎಂದಿತು. ಓಂಕಾರಮೂರ್ತಿಗೆ ಮಾತ್ರ ಕೇಳಿಸಿತು.

ಆಮೇಲಿನ ಮುಕ್ಕಾಲು ಗಂಟೆ ಅವನು ಏನು ಹಾಡಿದನೋ ಅವನಿಗೇ ತಿಳಿಯದು. ಬೇರೆಯವರು ಶಿವನಾಮ ಹೇಳುವಾಗ ಅವನು ಮನಸ್ಸಿನಲ್ಲೇ, ಇವ್ರು ಏಳದೇ ಇರ್ಲಪ್ಪ, ಇವ್ರು ಏಳದೇ ಇರ್ಲಪ್ಪ ಎಂದು ಜಪಿಸುತ್ತಿದ್ದ. ಆದರೆ ಮಂಗಳಾರತಿಗೆ ಎಲ್ಲರೂ ಏಳಲೇಬೇಕು. ಎದ್ದರು. ಮಂಗಳಾರತಿಗೆಂದು ಮೇಷ್ಟ್ರು ಉಳಿದ ಮೂರು ದೀಪಗಳನ್ನೂ ಹಾಕಿದರು. ಕಲ್ಲೇಶಪ್ಪನವರು ಎದ್ದಾಗ ಗೋಡೆ ಅವರನ್ನು ಬಿಡಲೊಲ್ಲದೆ ಚರ್ರೆಂದಿತು.

ತಾಳ ನಿಂತಿತು. ಸಾಹುಕಾರರ ಬೆನ್ನಿನ ತುಂಬ ಹಸಿರು ಬಣ್ಣ, ಅದರ ಮೇಲೆ ಕರಿ ಉಣ್ಣೆ. ಹಿಂದಿನಿಂದ ನೋಡಿದರೆ ಕಾವಲಿನಲ್ಲಿ ಹೊರಳಾಡಿ ಬಂದ ಕರಡಿ. ಹೆಂಗಸರೆಲ್ಲ ಮಂಜುಳಮ್ಮನ ಮುಖ ನೋಡಿದರು. ಮಂಜುಳಮ್ಮ ಓಂಕಾರಮೂರ್ತಿಯ ಮುಖ ನೋಡಿದರು. ಓಂಕಾರಮೂರ್ತಿ ನೆಲ ನೋಡಿದ.

ದಾಕ್ಷಾಯಿಣಿಯೇ ಆರತಿ ತಟ್ಟೆ ಹಿಡಿದುಕೊಂಡು ಮುಂದೆ ಬಂದಳು. “ಬಣ್ಣ ಒಣಗಿಲ್ಲ ಸಾವ್ಕಾರ್ರೆ. ಮೊದ್ಲೇ ಹೇಳ್ಬೇಕಿತ್ತು. ನಾಚಿಕೆ ಆಗಿ ಸುಮ್ನಿದ್ವಿ.”

ಕಲ್ಲೇಶಪ್ಪನವರು ಬೆನ್ನಿಗೆ ಕೈ ಹಾಕಿ, ಬೆರಳಿಗೆ ಹತ್ತಿದ್ದನ್ನು ಮುಂದೆ ತಂದು ನೋಡಿದರು. ಮೂಸಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ದೀಪಕ್ಕೆ ಹಿಡಿದು, ಮತ್ತೆ ಮೂಸಿದರು. ನಲವತ್ತು ವರ್ಷದ ವ್ಯಾಪಾರದ ಕೈ ಅದು.

“ಶೇಂಗಾ ಎಣ್ಣೆ” ಎಂದರು. “ಒಂದ್ಸಲ ಕರಿದಿದ್ದು.”

ಓಂಕಾರಮೂರ್ತಿ ಹೌದೆಂದು ತಲೆಯಾಡಿಸಿದ.

“ಲೇ ಓಂಕಾರಿ, ಮಿಲ್ಲಿನಾಗೆ ಇದ್ಕಂಡು ಇಷ್ಟು ಗೊತ್ತಾಗಲ್ವೇನೋ? ಅಗಸೆ ಎಣ್ಣೆ ಒಣಗ್ತೈತೆ. ಶೇಂಗಾ ಎಣ್ಣೆ ಒಣಗಲ್ಲ. ನಿನ್ನ ಮೊಮ್ಮಕ್ಕಳು ಬಂದು ಮುಟ್ಟಿದ್ರೂ ಇದು ಹಸೀನೇ ಇರ್ತೈತೆ.”

ಮೇಷ್ಟ್ರು ಇದ್ದಕ್ಕಿದ್ದ ಹಾಗೆ ಹಾರ್ಮೋನಿಯಂ ಒರೆಸತೊಡಗಿದರು. ಓಂಕಾರಮೂರ್ತಿ, ಅಂಗಿ ಬಿಚ್ಚಿಕೊಡಿ, ತೊಳೆಸಿಕೊಡುತ್ತೇನೆ, ಹೊಸದು ಹೊಲಿಸಿಕೊಡುತ್ತೇನೆ ಎಂದು ತೊದಲುತ್ತಿರುವಾಗಲೇ, ಸಾಹುಕಾರರು ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಮತ್ತೆ ಅದೇ ಜಾಗದಲ್ಲಿ ಕೂತು, ಅದೇ ಗೋಡೆಗೆ, ಈ ಸಲ ತಲೆಯನ್ನೂ ಸೇರಿಸಿ ಒರಗಿದರು. ಕಾಲು ಚಾಚಿದರು. ಕಣ್ಣು ಮುಚ್ಚಿದರು.

“ರೀ, ಅಂಗಿ” ಎಂದರು ಮಂಜುಳಮ್ಮ.

“ಅಂಗಿ ಹೋತು. ಬೆನ್ನಾದ್ರೂ ಉಳೀಲಿ.” ಕಣ್ಣು ಮುಚ್ಚಿಕೊಂಡೇ ಅವರು ಮುಂದುವರಿಸಿದರು. “ಎಂಟು ವರ್ಷ ಆತು ಮನೆ ಕಟ್ಸಿ. ಒಂದು ದಿನ ನಮ್ಮನೆ ಗೋಡೆಗೆ ಹಿಂಗೆ ಒರಗಿಲ್ಲ ನಾನು. ತಲೆ ಎಣ್ಣೆ ಹತ್ತುತೈತೆ ಅಂತಾಳೆ ಇವ್ಳು. ಎಣ್ಣೆ ಮಾರಿ ಕಟ್ಟಿದ ಮನೆ ಅದು.”

ಯಾರಿಗೂ ನಗುವ ಧೈರ್ಯವಾಗಲಿಲ್ಲ. ಮಂಜುಳಮ್ಮ ಈಗ ಸಿಡಿಯುತ್ತಾರೆ ಎಂದುಕೊಂಡರು ಎಲ್ಲರೂ. ಅವರು ಗಂಡನನ್ನು ನೋಡಿದರು, ಗೋಡೆಯನ್ನು ನೋಡಿದರು, ಆಮೇಲೆ ಮಾತು ಬಂದದ್ದು ಬೇರೆಯೇ ದನಿಯಲ್ಲಿ.

“ಒರೆಸೋಳು ನಾನಲ್ಲೇನು? ಹೋದ ಸೋಮವಾರ ಇವ್ರೆಲ್ಲ ಎದ್ದು ಹೋದ ಮ್ಯಾಲೆ ಎರಡು ದಿನ ನೆಲ ಒರೆಸೀನಿ. ಹುಡುಗ್ರು ಪಾಯಸದ ಬಟ್ಲು ಹಿಡ್ಕಂಡು ಓಡಾಡಿದ್ರೆ ನನ್ನ ಜೀವ ಅವ್ರ ಹಿಂದೆ ಓಡಾಡ್ತಿತ್ತು. ಇವತ್ತೇ ನಾನು ಭಜನೆ ಕೇಳಿದ್ದು.”

ಆ ಮಾತು ಬಿದ್ದದ್ದೇ ತಡ, ತುಂಬಿದ ಕೆರೆಗೆ ತೂಬು ಎತ್ತಿದ ಹಾಗಾಯಿತು. ಒಬ್ಬೊಬ್ಬರೂ ತಮ್ಮ ತಮ್ಮ ಸರದಿಯ ಸಂಕಟ ಹೇಳತೊಡಗಿದರು. ಒಬ್ಬಳು ಸೋಫಾ ಕಾಣಬೇಕೆಂದು ಹಾಕಿ, ಕೊಳೆಯಾಗಬಾರದೆಂದು ಮುಚ್ಚಿ, ಕೊನೆಗೆ ಯಾರೂ ಕೂರಬಾರದೆಂದು ಅದರ ಮೇಲೆ ಬಟ್ಟೆಯ ಗಂಟು ಇಟ್ಟಿದ್ದಳಂತೆ. ಇನ್ನೊಬ್ಬರ ಮನೆಯಲ್ಲಿ ಭಜನೆಗೆಂದು ತಂದ ಗೋಡೆ ಗಡಿಯಾರ ಇವತ್ತಿಗೂ ಕಂತಿನಲ್ಲಿ ನಡೆಯುತ್ತಿತ್ತು. ಮೇಷ್ಟ್ರ ಮನೆಯ ಶೋಕೇಸಿನ ಗಾಜು ಹಳೆಯ ಬಿರುಕನ್ನು ಮುಚ್ಚಲು ಅಂಟಿಸಿದ ಹೂವಿನ ಚಿತ್ರದಿಂದ ನಿಂತಿದೆ ಎಂದು ಮೇಷ್ಟ್ರೇ ಒಪ್ಪಿಕೊಂಡರು. ಯಾರ ಮನೆಯೂ ಪೂರ್ತಿಯಾಗಿ ಮುಗಿದಿರಲಿಲ್ಲ. ಮುಗಿದ ಹಾಗೆ ಕಾಣಿಸಲು ಒಂದೊಂದು ಮನೆಯವರೂ ಐದೈದು ವರ್ಷ ಸುಸ್ತಾಗಿದ್ದರು.

ಆಮೇಲೆ ನಡೆದ ಭಜನೆಯಂಥದ್ದು ಆ ಓಣಿಯಲ್ಲಿ ಎಂದೂ ನಡೆದಿರಲಿಲ್ಲ. ಬಜ್ಜಿ ತಿಂದ ಕೈಯನ್ನು ಯಾರೂ ಹುಡುಕಿ ಒರೆಸಿಕೊಳ್ಳಲಿಲ್ಲ. ಯಾರದೋ ಪಾಯಸ ಚೆಲ್ಲಿತು. ಚೆಲ್ಲಿದವರು ಹಾಡು ನಿಲ್ಲಿಸಲಿಲ್ಲ. ಮಕ್ಕಳು ಹಸಿರು ಗೋಡೆಯ ಮೇಲೆ ಬೆರಳಿನಿಂದ ನಂದಿಯನ್ನೂ, ಬಸ್ಸನ್ನೂ, ತಮ್ಮ ಹೆಸರನ್ನೂ ಬರೆದರು. ಬೇಡವೆನಿಸಿದ್ದನ್ನು ಅಂಗೈಯಿಂದ ಸವರಿ ಮತ್ತೆ ಬರೆದರು. ಒಣಗದ ಗೋಡೆ ಎಂದರೆ ಮುಗಿಯದ ಸ್ಲೇಟು. ಕ್ಯಾತಪ್ಪನ ಅವ್ವ ಕೂಡ ಬಂದು, ತನ್ನ ಉಣ್ಣೆಯನ್ನು ಗುರುತು ಹಿಡಿದು, ಬೈಯಬೇಕೆಂದು ಬಾಯಿ ತೆರೆದವಳು ದಾಕ್ಷಾಯಿಣಿ ಕೊಟ್ಟ ಬಜ್ಜಿಯಿಂದ ಸುಮ್ಮನಾದಳು.

ಎಂಟೂವರೆಗೆ ಎಲ್ಲ ಮುಗಿಯಿತು. ಓಂಕಾರಮೂರ್ತಿಯ ಎದೆಯ ಮೇಲಿಂದ ಗಾಣದ ಕಲ್ಲು ಇಳಿದಂತಾಗಿತ್ತು. ದಾಟಿದ್ದ. ಮರ್ಯಾದೆ ಹೋಗುವುದಿರಲಿ, ಸಾಹುಕಾರರು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಎದ್ದಿದ್ದರು. ಇನ್ನು ಐದು ವರ್ಷ. ಐದು ವರ್ಷ ಈ ಮನೆ ಅವನದು, ಅವನ ಹೆಂಡತಿ ಮಕ್ಕಳದು. ಯಾವ ಗಡಿಬಿಡಿಯೂ ಇಲ್ಲ.

ಭಜನೆ ಮುಗಿದ ಮೇಲೆ ತಾಳಗಳ ಚೀಲವನ್ನು ಮುಂದಿನ ಸೋಮವಾರದ ಮನೆಯವರ ಕೈಗೆ ಕೊಡುವುದು ಓಣಿಯ ಪದ್ಧತಿ. ಚೀಲ ಯಾರ ಕೈ ಸೇರಿತೋ ಅವರದು ಸರದಿ. ಓಂಕಾರಮೂರ್ತಿ ಎಲ್ಲ ತಾಳಗಳನ್ನೂ ಹುರುಪಿನಿಂದ ಎಣಿಸಿ ತುಂಬಿ, ದಾರ ಬಿಗಿದು, ನಗುತ್ತ ಜಂಬುಲಿಂಗಪ್ಪ ಮೇಷ್ಟ್ರ ಮುಂದೆ ಚಾಚಿದ.

ಮೇಷ್ಟ್ರು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಶೋಕೇಸಿನ ಗಾಜಿನ ವಿಷಯ ಹೇಳಿದೆನಲ್ಲ ಎಂದರು. ಅವರ ಪಕ್ಕದವರ ಮುಂದೆ ಹಿಡಿದ. ಅವರು ಪಕ್ಕದವರನ್ನು ತೋರಿಸಿದರು. ಆ ಪಕ್ಕದವರು ಚಪ್ಪಲಿ ಹುಡುಕತೊಡಗಿದರು. ಚೀಲ ಹಿಡಿದುಕೊಂಡು ಓಂಕಾರಮೂರ್ತಿ ಇಡೀ ಹಾಲನ್ನು ಒಂದು ಸುತ್ತು ಬಂದ. ಇಪ್ಪತ್ತೊಂದು ಮನೆಯವರ ಕೈಗಳೂ ಒಟ್ಟಿಗೆ ಎಲ್ಲೋ ಮಾಯವಾಗಿದ್ದವು.

“ಅದನ್ನ ಆ ಮೂಲೇಲಿಡು ಓಂಕಾರಿ” ಎಂದರು ಕಲ್ಲೇಶಪ್ಪನವರು. “ಮುಂದಿನ ಸೋಮವಾರಾನೂ ಇಲ್ಲೇ. ಅದರ ಮುಂದಿಂದೂ ಇಲ್ಲೇ. ಶ್ರಾವಣ ಮುಗೀತು ಅಂತ ಬಿಡೋದು ಬ್ಯಾಡ. ಸೋಮವಾರ ಏನು ಶ್ರಾವಣದಾಗೆ ಅಷ್ಟೇ ಬರ್ತೈತಾ?”

ಹಿಂದಿನಿಂದ ಯಾರೋ ಹರ ಹರ ಮಹಾದೇವ ಎಂದರು. ಎಲ್ಲರೂ ಎಂದರು. ಚರಂಡಿ ಯಾವ ಕಡೆಗೆ ಇಳಿಯಬೇಕೆಂದು ಏಳು ವರ್ಷದಿಂದ ತೀರ್ಮಾನಿಸಲಾಗದ ಓಣಿ, ಈ ವಿಷಯವನ್ನು ಒಂದು ಉಸಿರಿನಲ್ಲಿ ತೀರ್ಮಾನಿಸಿಬಿಟ್ಟಿತು. ಇಪ್ಪತ್ತೊಂದು ಮನೆಯವರ ಮುಖದ ಮೇಲೂ ಎಂಥ ನಿರಾಳ.

ಹೊಸಿಲು ದಾಟುವ ಮೊದಲು ಮಂಜುಳಮ್ಮ ತಿರುಗಿ ನಿಂತರು. “ಒಂದು ಮಾತು ಓಂಕಾರಪ್ಪ. ಮನೆಗೆ ಇನ್ನೇನೂ ಮಾಡಿಸ್ಬ್ಯಾಡ. ಆ ಗೋಡೆ ಅಂತೂ ಮುಟ್ಲೇಬ್ಯಾಡ. ನೀನೂ ಚೆಂದ ಮಾಡಿಸ್ಕಂಡು ಕೂತ್ರೆ ನಾವು ಎಲ್ಲಿಗೆ ಹೋಗಾನ?”

ಎಲ್ಲರೂ ಹೋದರು. ಓಂಕಾರಮೂರ್ತಿ ಚೀಲವನ್ನು ಮೂಲೆಯಲ್ಲಿಟ್ಟು ನೆಲಕ್ಕೆ ಕುಸಿದ. ಐದು ವರ್ಷಕ್ಕೊಂದು ಸೋಮವಾರದಿಂದ ತಪ್ಪಿಸಿಕೊಳ್ಳಲು ಹೋಗಿ, ವರ್ಷಕ್ಕೆ ಐವತ್ತೆರಡು ಸೋಮವಾರ ತಲೆಗೆ ಕಟ್ಟಿಕೊಂಡಿದ್ದ. ಅಡಿಗೆಮನೆಯ ಬಾಗಿಲಲ್ಲಿ ದಾಕ್ಷಾಯಿಣಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಗು ನಿಲ್ಲದೆ, ತಟ್ಟೆಯಲ್ಲಿ ಉಳಿದಿದ್ದ ಬಜ್ಜಿಗಳನ್ನು ಅವನ ಮುಂದೆ ತಂದಿಟ್ಟು ಪಕ್ಕದಲ್ಲೇ ಕೂತಳು.

ಅವಳ ನಗು ನೋಡುತ್ತ ನೋಡುತ್ತ ಅವನಿಗೂ ಯಾಕೋ ಹಗುರವಾಯಿತು. ಮರೆಮಾಚಲು ಇನ್ನೇನೂ ಉಳಿದಿರಲಿಲ್ಲ. ಉಸ್ಸಪ್ಪಾ ಎಂದು ಹಿಂದಕ್ಕೆ ಒರಗಿದ. ಅದು ಯಾವ ಗೋಡೆಯೆಂದು ತಿಳಿದದ್ದು ಬೆನ್ನಿಗೆ ತಣ್ಣಗೆ ಹತ್ತಿದ ಮೇಲೆ.

ಏಳಲಿಲ್ಲ. ಆಲೂಗಡ್ಡೆಯದು ಇದ್ದರೆ ಕೊಡು ಎಂದ.